ಮೊದಲ ಹಿಮಕ್ಕೆ ಹೊಸ ಸ್ಕೀ ಬೇಡ

ಡಿಸೆಂಬರ್ ಶುರುವಲ್ಲೇ ಗುಲ್ಮಾರ್ಗ್‌ಗೆ ಹೊಸ ಸ್ಕೀ ಹೊತ್ತುಕೊಂಡು ಹೋಗೋಣ್ವಾ ಅಂತ ಕೇಳಿದ್ರೆ, ನಾನಂತೂ ಬೇಡ ಅಂತೀನಿ. ಆಗ ಹಿಮದ ಪದರ ತೆಳು, ಅಡಿಯ ಕಲ್ಲು ಕಾಣಿಸಲ್ಲ. ಒಂದು ತಗುಲಿದ್ರೂ ಸ್ಕೀ ತಳ ಸೀಳಬಹುದು. ನಮ್ಮ ಬಿಕಾಂ ಭಾಷೇಲಿ, ಮೊದಲ ದಿನವೇ ಡಿಪ್ರಿಸಿಯೇಷನ್! ಬಾಡಿಗೆಯ ಹಳೇ ಸ್ಕೀ ಸಾಕು. ಹೊಸ ಬೂಟು ಮಾತ್ರ ಒಯ್ಯಿರಿ, ಅದು ಕಾಲಿಗೆ ಒಗ್ಗೋಕೆ ದಿನಗಳು ಬೇಕು.

ಆದ್ರೆ ಬೈಂಡಿಂಗ್ ಮರೀಬೇಡಿ. ಬಿದ್ದಾಗ ಬೂಟನ್ನು ಸ್ಕೀಯಿಂದ ಬಿಡಿಸೋದು ಅದೇ. ಅದರ ಡಿನ್ ಅಂಕಿ ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ, ಬೂಟಿನ ತಳದ ಉದ್ದ ನೋಡಿ ನಿಗದಿಯಾಗುತ್ತೆ. ಹಿಂದೆ ಬಾಡಿಗೆಗೆ ಒಯ್ದವರು 90 ಕೆ.ಜಿ., ನೀವು 60 ಅಂತಿಟ್ಕೊಳ್ಳಿ. ಅದೇ ಅಂಕಿ ಉಳಿದಿದ್ರೆ ಬೂಟು ಬಿಡದೇ ಹೋಗಬಹುದು, ತಿರುಚೋದು ಮಂಡಿ. ಅಂಗಡೀಲಿ ಎದುರಿಗೆ ನಿಂತೇ ಸೆಟ್ ಮಾಡಿಸ್ಕೊಳ್ಳಿ.