ಚೀನದ ಊಲಾಂಗ್ ಚಹ: ಇಳಿಸುವ ಬಗೆ, ಸವಿಯುವ ಬಗೆ

ನಮ್ಮ ಮನೆಗಳಲ್ಲಿ ಒಂದೇ ಪಾನೀಯಕ್ಕೆ ಎರಡು ಹೆಸರುಗಳು ಬಳಕೆಯಲ್ಲಿವೆ. ಕೆಲವರು ‘ಟೀ’ ಎನ್ನುವರು. ಕೆಲವರು ‘ಚಹ’ ಎನ್ನುವರು. ಇವೆರಡೂ ಮೂಲದಲ್ಲಿ ಚೀನದ ಮಾತುಗಳೇ. ಆ ದೇಶದ ಬಹು ಭಾಗಗಳಲ್ಲಿ ಈ ಎಲೆಗೆ ‘ಚಾ’ ಎಂದು ಹೆಸರು. ಆಗ್ನೇಯ ಕರಾವಳಿಯಲ್ಲಿರುವ ಫೂಜಿಯನ್ ಪ್ರಾಂತದ ದಕ್ಷಿಣ ಭಾಗದ ಜನರು ಅದನ್ನೇ ‘ತೆ’ ಎಂದು ಉಚ್ಚರಿಸುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಡಚ್ ವರ್ತಕರು ಸಮುದ್ರಮಾರ್ಗವಾಗಿ ಈ ‘ತೆ’ಯನ್ನು ಯೂರೋಪಿಗೆ ಒಯ್ದರು; ಅದು ಇಂಗ್ಲಿಷರ ಬಾಯಲ್ಲಿ ‘ಟೀ’ ಆಗಿ ನಮ್ಮವರೆಗೂ ಬಂದಿತು. ‘ಚಾ’ ಎಂಬುದು ಬೇರೆ ದಾರಿ ಹಿಡಿದು, ಪಾರಸಿ ಮೊದಲಾದ ಭಾಷೆಗಳನ್ನು ಹಾದು, ನಮ್ಮಲ್ಲಿ ‘ಚಹ’ವಾಯಿತು. ‘ಟೀ’ ಎಂಬ ಮಾತನ್ನು ಕೊಟ್ಟ ಫೂಜಿಯನ್ ಪ್ರಾಂತವೇ ಊಲಾಂಗ್ ಚಹದ ತವರು. ಮಾತು ನಮಗೆ ಬಂದು ಎಷ್ಟೋ ಕಾಲವಾಯಿತು. ಆ ರುಚಿ ಮಾತ್ರ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಆದುದರಿಂದಲೇ ಇಂದು ಈ ವಿಷಯವನ್ನು ತೆಗೆದುಕೊಂಡಿದ್ದೇವೆ.

ಮೊದಲು ನಮ್ಮ ಅಪರಾಧವನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಸಿಂಗಪುರದಿಂದ ಬಂದ ಬಂಧುಗಳೊಬ್ಬರು ಊಲಾಂಗಿನ ಒಂದು ಸಣ್ಣ ಡಬ್ಬಿಯನ್ನು ನಮಗೆ ಕೊಟ್ಟರು. ನಾವು ಮನೆಯ ವಾಡಿಕೆಯಂತೆ ಎಲೆಯನ್ನು ನೀರಿಗೆ ಹಾಕಿ, ಚೆನ್ನಾಗಿ ಕುದಿಸಿ, ಹಾಲು ಸಕ್ಕರೆಗಳನ್ನು ಬೆರಸಿ ಎಲ್ಲರಿಗೂ ಹಂಚಿದೆವು. ನಮ್ಮ ತಾಯಿಯವರು ಒಂದು ಗುಟುಕು ಕುಡಿದು, “ಇದು ಯಾವ ಸೊಪ್ಪಿನ ಕಷಾಯವಪ್ಪ?” ಎಂದು ಲೋಟವನ್ನು ಕೆಳಗಿಟ್ಟರು. ಪಾತ್ರೆಯಲ್ಲಿದ್ದುದೆಲ್ಲ ಬಚ್ಚಲಿಗೆ ಹೋಯಿತು. ತಪ್ಪು ಎಲೆಯದಲ್ಲ, ನಮ್ಮದು ಎಂದು ತಿಳಿಯುವುದಕ್ಕೆ ಬಹಳ ದಿನಗಳೇ ಬೇಕಾದುವು. ಅದೃಷ್ಟವಶಾತ್ ಡಬ್ಬಿಯಲ್ಲಿ ಅರ್ಧ ಉಳಿದಿತ್ತು.

ಊಲಾಂಗ್ ಎಂದರೆ ಚೀನೀ ಭಾಷೆಯಲ್ಲಿ ‘ಕಪ್ಪು ಡ್ರ್ಯಾಗನ್’ ಎಂದರ್ಥ. ಹೆಸರು ಬೇರೆಯಾದರೂ ಗಿಡ ಬೇರೆಯಲ್ಲ. ಹಸುರು ಚಹ, ನಾವು ನಿತ್ಯವೂ ಕುಡಿಯುವ ಕಪ್ಪು ಚಹ, ಊಲಾಂಗ್ ಈ ಮೂರೂ ಒಂದೇ ಜಾತಿಯ ಗಿಡದ ಎಲೆಯಿಂದ ಆಗತಕ್ಕವು. ಪಾಶ್ಚಾತ್ಯರಿಗೆ ಈ ಸಂಗತಿ ಬಹುಕಾಲ ತಿಳಿದಿರಲಿಲ್ಲ. ಸಸ್ಯಗಳಿಗೆಲ್ಲ ಕ್ರಮವಾಗಿ ನಾಮಕರಣ ಮಾಡಿದ ಲಿನೇಯಸ್ ಪಂಡಿತನೇ 1762ರಲ್ಲಿ ಹಸುರಿಗೊಂದು, ಕಪ್ಪಿಗೊಂದು ಎಂದು ಚಹದ ಗಿಡದಲ್ಲಿ ಎರಡು ಜಾತಿಗಳನ್ನು ಹೇಳಿದ್ದನು. 1840ರ ದಶಕದಲ್ಲಿ ಚೀನದ ತೋಟಗಳನ್ನು ಸುತ್ತಿ ಬಂದ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞನು, ಭೇದವಿರುವುದು ಗಿಡದಲ್ಲಲ್ಲ, ಎಲೆಯನ್ನು ಹದಮಾಡುವ ಕ್ರಮದಲ್ಲಿ ಎಂದು ಯೂರೋಪಿಯನ್ನರಿಗೆ ಮನಗಾಣಿಸಿದನು.

ಈ ಹದವೆಂಬುದೇನೆಂದು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬದನೆಕಾಯಿಯನ್ನು ಹೆಚ್ಚಿ ನೀರಿಗೆ ಹಾಕದೆ ಹಾಗೆಯೇ ಇಟ್ಟರೆ ಕರಗಾಗುವುದನ್ನು ಎಲ್ಲರೂ ಕಂಡಿದ್ದಾರೆ. ಕಾಯಿಯ ರಸಕ್ಕೆ ಗಾಳಿಯಲ್ಲಿರುವ ಆಮ್ಲಜನಕವು ಸೋಂಕಿದಾಗ, ಅದರಲ್ಲಿಯೇ ಇರುವ ಒಂದು ಕಿಣ್ವದ ದೆಸೆಯಿಂದ ಈ ಬಣ್ಣ ಬರುತ್ತದೆ. ಚಹದ ಎಲೆಯಲ್ಲಿಯೂ ಇದೇ ಕಾರ್ಯ ನಡೆಯುತ್ತದೆ. ಕೊಯ್ದ ಎಲೆಗೆ ಬೇಗನೆ ಬಿಸಿ ತಾಕಿಸಿ ಕಿಣ್ವವನ್ನು ಕೊಂದರೆ ಎಲೆ ಹಸುರಾಗಿಯೇ ಉಳಿಯುತ್ತದೆ. ಅದು ಹಸುರು ಚಹ. ಎಲೆಯನ್ನು ಚೆನ್ನಾಗಿ ಹೊಸೆದು, ಈ ಕಾರ್ಯವನ್ನು ಕೊನೆಯವರೆಗೂ ಬಿಟ್ಟರೆ ಕಪ್ಪು ಚಹ. ಊಲಾಂಗ್ ಇವೆರಡರ ನಡುವೆ ನಿಲ್ಲುತ್ತದೆ. ನಡುವೆ ಎಂದರೆ ಎಲ್ಲಿ ಎಂಬುದನ್ನು ಮಾಡುವವನು ನಿಶ್ಚಯಿಸಬೇಕು. ಅವನ ವಿದ್ಯೆಯೆಲ್ಲ ಅದರಲ್ಲಿಯೇ ಅಡಗಿದೆ.

ಊಲಾಂಗಿಗೆ ಎಳೆಯ ಕುಡಿಯನ್ನು ಕೊಯ್ಯುವುದಿಲ್ಲ. ಬಲಿತು ಅಗಲವಾದ ಎಲೆಗಳನ್ನು ಮೂರು ನಾಲ್ಕು ಸೇರಿದಂತೆ ಕೊಯ್ಯುತ್ತಾರೆ. ಅವುಗಳನ್ನು ಕೊಂಚ ಹೊತ್ತು ಬಿಸಿಲಿನಲ್ಲಿ ಬಾಡಿಸಿ, ಒಳಗೆ ತಂದು, ಬಿದಿರಿನ ದೊಡ್ಡ ತಟ್ಟೆಗಳಲ್ಲಿ ಹಾಕಿ ಅಲ್ಲಾಡಿಸುತ್ತಾರೆ, ಬಳಿಕ ಸುಮ್ಮನೆ ಬಿಡುತ್ತಾರೆ, ಮತ್ತೆ ಅಲ್ಲಾಡಿಸುತ್ತಾರೆ. ಹೀಗೆ ರಾತ್ರಿಯೆಲ್ಲ ನಡೆಯುವುದುಂಟು. ಎಲೆಗಳು ಒಂದಕ್ಕೊಂದು ತಗಲಿ ಅಂಚುಗಳು ಮಾತ್ರ ಜಜ್ಜಿದಂತಾಗುತ್ತವೆ. ಅಂಚು ಕೆಂಪೇರುತ್ತದೆ, ನಡುವೆ ಹಸುರು ಹಾಗೆಯೇ ಇರುತ್ತದೆ. ಮೊದಲು ಹಸಿ ಹುಲ್ಲಿನ ವಾಸನೆ. ಗಂಟೆಗಳು ಕಳೆದಂತೆ ಆ ವಾಸನೆ ಅಡಗಿ ಹೂವಿನ ಕಂಪು ಏಳುತ್ತದೆ. ಆ ಕಂಪು ಎದ್ದಿತೆಂದು ಮೂಗಿಗೆ ತೋರಿದೊಡನೆ ಎಲೆಯನ್ನು ಕಾದ ಬಾಣಲೆಗೆ ಹಾಕಿ ಹುರಿದು ಕಾರ್ಯವನ್ನು ನಿಲ್ಲಿಸಬೇಕು. ಮೊದಲೇ ಹುರಿದರೆ ಹಸಿ ಒಗರು ಉಳಿಯುತ್ತದೆ; ತಡವಾದರೆ ಹೂವು ಹೋಗಿಬಿಡುತ್ತದೆ. ಒಮ್ಮೆ ಬೆಂಕಿ ತಾಕಿದ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ. ಆ ಮೇಲೆ ಹೊಸೆದು ಒಣಗಿಸಿ, ಬೇಕಾದಷ್ಟು ಮೃದುವಾಗಿಯೋ ತೀವ್ರವಾಗಿಯೋ ಮತ್ತೆ ಹುರಿಯುತ್ತಾರೆ. ಮನೆಯಲ್ಲಿಯೇ ಕಾಫಿಬೀಜ ಹುರಿದು ಬಲ್ಲವರಿಗೆ ಈ ಕೊನೆಯ ಹಂತದ ಕಷ್ಟವನ್ನು ನಾವು ವಿವರಿಸಬೇಕಾಗಿಲ್ಲ.

ಊರುಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಫೂಜಿಯನ್ನಿನ ಉತ್ತರದಲ್ಲಿ ವೂಯಿ ಪರ್ವತವಿದೆ. ಅಲ್ಲಿ ಬಂಡೆಗಳ ಸಂದುಗಳಲ್ಲಿ ಬೆಳೆಯುವ ಚಹವನ್ನು ಉದ್ದನೆಯ ಎಳೆಗಳಂತೆ ಹೊಸೆದು ಇದ್ದಲಿನ ಮೇಲೆ ಹುರಿಯುವರು. ದಕ್ಷಿಣದ ಆನ್‌ಶಿ ಸೀಮೆಯದು ಗುಂಡಾಗಿ ಸುತ್ತಿದ ಎಲೆ. ಅದರಲ್ಲಿ ಪ್ರಸಿದ್ಧವಾದುದಕ್ಕೆ ‘ತಿಯೆ ಗುವಾನ್‌ಯಿನ್’ ಎಂದು ಹೆಸರು. ತಿಯೆ ಎಂದರೆ ಕಬ್ಬಿಣ; ಗುವಾನ್‌ಯಿನ್ ಎಂಬುದು ನಮ್ಮ ದೇಶದಿಂದ ಹೋದ ಬೋಧಿಸತ್ತ್ವ ಅವಲೋಕಿತೇಶ್ವರನ ಚೀನೀ ನಾಮ, ಅಲ್ಲಿ ಸ್ತ್ರೀರೂಪದಲ್ಲಿ ಪೂಜೆಗೊಳ್ಳುವ ಕರುಣೆಯ ದೇವತೆ. ಚಹದ ಬಟ್ಟಲಿನಲ್ಲಿ ಸಂಸ್ಕೃತದ ಹೆಸರೊಂದು ಹೀಗೆ ಅಡಗಿರುವುದು ವಿನೋದವಲ್ಲವೆ? ಗುವಾಂಗ್‌ಡಾಂಗ್ ಪ್ರಾಂತದ ಫೆಂಗ್‌ಹ್ವಾಂಗ್ ಬೆಟ್ಟದಲ್ಲಿಯೂ ತೈವಾನ್ ದ್ವೀಪದಲ್ಲಿಯೂ ಬೇರೆ ಬೇರೆ ಬಗೆಗಳಿವೆ.

ಮೊದಲ ಗುಟುಕಿಗೇ ಮುಖ ಸಿಂಡರಿಸಿದವರು ನಾವು ಮಾತ್ರವೇ ಅಲ್ಲವೆಂಬುದು ನಮಗೊಂದು ಸಮಾಧಾನ. ಹದಿನೆಂಟನೆಯ ಶತಮಾನದಲ್ಲಿದ್ದ ಯುವಾನ್ ಮೇ ಎಂಬ ಚೀನೀ ಕವಿಯು ಭೋಜನರಸಿಕನೆಂದು ಹೆಸರಾದವನು. ಪಾಕವಿಷಯವಾಗಿ ಒಂದು ಗ್ರಂಥವನ್ನೇ ಬರೆದವನು. ವೂಯಿಯ ಚಹವು ಔಷಧದಂತೆ ಕಹಿಯೆಂದು ಅವನು ಮೊದಲು ಅದನ್ನು ಮೆಚ್ಚುತ್ತಿರಲಿಲ್ಲ. 1786ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಆ ಬೆಟ್ಟಕ್ಕೆ ಹೋದಾಗ ಅಲ್ಲಿಯ ಮಠದವರು ಅವನಿಗೆ ಚಹ ಕೊಟ್ಟರು. ಬಟ್ಟಲು ಅಕ್ರೋಟಿನಷ್ಟು, ಪಾತ್ರೆ ಮಾದಳದ ಹಣ್ಣಿನಷ್ಟು. ಒಮ್ಮೆಲೇ ನುಂಗುವುದಕ್ಕೆ ಮನಸ್ಸು ಬಾರದೆ ಅವನು ಮೊದಲು ಮೂಸಿದನು, ಬಳಿಕ ನಾಲಗೆಯ ಮೇಲೆ ನಿಧಾನವಾಗಿ ಆಡಿಸಿದನು, ಒಂದಾದ ಮೇಲೊಂದು ಬಟ್ಟಲು ಕುಡಿದನು. ಅಂದಿನಿಂದ ಅವನ ಅಭಿಪ್ರಾಯ ಬದಲಾಯಿತು. ಎಲೆ ಮೊದಲಿನದೇ, ಬೇರೆಯಾದುದು ಪಾತ್ರೆಯ ಗಾತ್ರ, ಕುಡಿಯುವ ಸಾವಧಾನ.

ಪಾತ್ರೆ ಚಿಕ್ಕದಾಗಿರಬೇಕೆಂಬುದಕ್ಕೆ ಕಾರಣವುಂಟು. ಎಲೆಯಲ್ಲಿರುವ ಪದಾರ್ಥಗಳೆಲ್ಲ ಒಂದೇ ವೇಗದಲ್ಲಿ ನೀರಿಗೆ ಇಳಿಯುವುದಿಲ್ಲ. ಕಂಪು ಮತ್ತು ಸವಿ ಮುಂದಾಗಿ ಬರುತ್ತವೆ. ಒಗರೂ ಕಹಿಯೂ ಹೊತ್ತು ಕಳೆದಷ್ಟೂ ಹೆಚ್ಚುತ್ತವೆ. ಎಲೆಯನ್ನು ಬಹಳ ಹೊತ್ತು ಕುದಿಸಿದರೆ ಎಲ್ಲವೂ ಒಟ್ಟಿಗೆ ಇಳಿದು, ಕಂಪು ಆವಿಯೊಡನೆ ಹಾರಿಹೋಗಿ, ಕಷಾಯ ಉಳಿಯುತ್ತದೆ. ಅದಕ್ಕೆ ಬದಲಾಗಿ ಹೆಚ್ಚು ಎಲೆಗೆ ಕಡಿಮೆ ನೀರು ಹಾಕಿ, ಕ್ಷಣಗಳಲ್ಲಿ ಬಸಿದು, ಅದೇ ಎಲೆಯ ಮೇಲೆ ಮತ್ತೆ ಮತ್ತೆ ನೀರು ಹೊಯ್ದರೆ ಒಂದೊಂದು ಸಲಕ್ಕೆ ಒಂದೊಂದು ಗುಣ ಕಾಣಿಸುತ್ತದೆ. ಎಲೆ ಹದಮಾಡಿದವನು ನಡುವೆ ನಿಲ್ಲಿಸಿದನಷ್ಟೆ. ಕುಡಿಯುವವನೂ ನೀರನ್ನು ನಡುವೆಯೇ ನಿಲ್ಲಿಸಬೇಕು. ಊಲಾಂಗಿನ ವಿಷಯದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದುದು ಇಷ್ಟೆ. ಮುಂದಿನದೆಲ್ಲ ಇದರ ವಿವರ.

ಚೀನೀಯರು ಇದಕ್ಕೆ ‘ಗೈವಾನ್’ ಎಂಬ ಮುಚ್ಚಳವುಳ್ಳ ಪಿಂಗಾಣಿ ಬಟ್ಟಲನ್ನು ಉಪಯೋಗಿಸುತ್ತಾರೆ. ಅದರಲ್ಲಿ ನೂರು, ನೂರಿಪ್ಪತ್ತು ಮಿಲಿಲೀಟರ್ ನೀರು ಹಿಡಿಯುತ್ತದೆ. ಯಿಶಿಂಗ್ ಊರಿನ ಮಣ್ಣಿನ ಪುಟ್ಟ ಪಾತ್ರೆಗಳಿಗೆ ಬಹು ಕೀರ್ತಿಯಿದೆ. ಆದರೆ ಮೆರುಗಿಲ್ಲದ ಆ ಮಣ್ಣು ಕಂಪನ್ನು ಹೀರುವುದರಿಂದ ಒಂದು ಪಾತ್ರೆಗೆ ಒಂದೇ ಬಗೆಯ ಚಹವೆಂದು ಇಡಬೇಕಾಗುತ್ತದೆ. ಹೊಸಬರಿಗೆ ಪಿಂಗಾಣಿಯೇ ಲೇಸು. ಅದು ಎಲೆಯ ಗುಣವನ್ನೂ ಅವಗುಣವನ್ನೂ ಮರೆಮಾಡದೆ ತೋರಿಸುತ್ತದೆ. ಗೈವಾನ್ ದೊರೆಯದಿದ್ದರೆ ಪಿಂಗಾಣಿಯ ಚಿಕ್ಕ ಬಟ್ಟಲೊಂದಕ್ಕೆ ತಟ್ಟೆ ಮುಚ್ಚಿದರೂ ಸಾಕು. ಅಂಚಿನವರೆಗೆ ತುಂಬಬಾರದು, ತುಂಬಿದರೆ ಬೆರಳು ಸುಡುವುದು ಖಂಡಿತ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇವೆ.

ನೂರು ಮಿಲಿಲೀಟರ್ ನೀರಿಗೆ 5 ಗ್ರಾಂ ಎಲೆ, ಅಂದರೆ ಅರ್ಧ ತೊಲಕ್ಕಿಂತ ತುಸು ಕಡಿಮೆ. ಗುಂಡಾಗಿ ಸುತ್ತಿದ ಎಲೆ ತಳ ಮುಚ್ಚುವಷ್ಟು ಮಾತ್ರ ಕಾಣುತ್ತದೆ. ಹೆಚ್ಚು ಹಾಕಬೇಡಿರಿ, ಬಿಚ್ಚಿಕೊಂಡಾಗ ಅದೇ ಬಟ್ಟಲನ್ನೆಲ್ಲ ತುಂಬುತ್ತದೆ. ಬಟ್ಟಲನ್ನು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿ ಎಲೆ ಹಾಕಿ, ನೀರು ಹೊಯ್ದು ಕೂಡಲೇ ಚೆಲ್ಲಿಬಿಡಿರಿ. ಇದರಿಂದ ಎಲೆ ನೆನೆದು ಎಚ್ಚತ್ತಂತಾಗುತ್ತದೆ. ಅನಂತರದ ನೀರು ಕುಡಿಯತಕ್ಕದ್ದು. ನಿಧಾನವಾಗಿ ಹದಿನೈದು ಎಣಿಸುವಷ್ಟು ಹೊತ್ತು ಬಿಟ್ಟು, ಮುಚ್ಚಳವನ್ನು ತುಸು ಓರೆಮಾಡಿ, ಕೊನೆಯ ತೊಟ್ಟಿನವರೆಗೂ ಬಸಿಯಿರಿ. ತಳದಲ್ಲಿ ನೀರು ನಿಂತರೆ ಅದು ಕಹಿಯನ್ನು ಇಳಿಸುತ್ತಲೇ ಇದ್ದು ಮುಂದಿನ ಸಲವನ್ನು ಕೆಡಿಸುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಅಷ್ಟೇ ಹೊತ್ತು. ನಾಲ್ಕನೆಯದರಿಂದ ಐದು ಹತ್ತು ಸೆಕೆಂಡು ಹೆಚ್ಚಿಸುತ್ತ ಹೋಗಬಹುದು. ಒಳ್ಳೆಯ ಎಲೆ ಆರೇಳು ಸಲವಾದರೂ ಕೊಡುತ್ತದೆ. ಕಹಿಯೆನಿಸಿದರೆ ಹೊತ್ತನ್ನು ಕಡಿಮೆ ಮಾಡಿರಿ, ಎಲೆಯನ್ನಲ್ಲ. ಇಷ್ಟು ವಿರಾಮವಿಲ್ಲದ ದಿನ ದೊಡ್ಡ ಪಾತ್ರೆಯಲ್ಲಿ 200 ಮಿಲಿಲೀಟರಿಗೆ 3 ಗ್ರಾಂ ಹಾಕಿ ಮೂರು ನಿಮಿಷ ಬಿಡಬಹುದು. ಕೆಟ್ಟದಾಗುವುದಿಲ್ಲ, ಕಥೆಯ ಸಾರಾಂಶವನ್ನು ಮಾತ್ರ ಕೇಳಿದಂತಾಗುತ್ತದೆ.

ಹಸುರು ಚಹಕ್ಕೆ ನೀರನ್ನು ಆರಿಸುವ ಪದ್ಧತಿಯುಂಟು. ಊಲಾಂಗಿಗೆ, ವಿಶೇಷವಾಗಿ ಹುರಿದುದಕ್ಕೆ, ಕುದಿಯುವ ನೀರೇ ಬೇಕು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದುಬಿಡುತ್ತದೆ. ಬೆಂಗಳೂರಿನಲ್ಲಿ ಇನ್ನೂ ಕೊಂಚ ಮೊದಲೇ. ಆದುದರಿಂದ ಇಲ್ಲಿಯವರು ಅನುಮಾನಿಸದೆ ಒಲೆಯಿಂದ ನೇರವಾಗಿ ಹೊಯ್ಯಬಹುದು. ನೀರಿನ ಗಡಸುತನ ಮಾತ್ರ ನೋಡಿಕೊಳ್ಳಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿ ಚಹ ಮಂಕಾಗಿ, ಮೇಲೆ ಕೆನೆಯಂತೆ ಪೊರೆ ಕಟ್ಟುತ್ತದೆ. ಎಂಟನೆಯ ಶತಮಾನದಲ್ಲಿ ಚಹದ ಮೇಲೆ ಗ್ರಂಥ ಬರೆದ ಲು ಯು ಎಂಬವನು ಬೆಟ್ಟದ ನೀರನ್ನು ಮೊದಲಿಗೂ, ಹೊಳೆಯ ನೀರನ್ನು ನಡುವಿಗೂ, ಬಾವಿಯ ನೀರನ್ನು ಕೊನೆಗೂ ಇಟ್ಟಿದ್ದಾನೆ. ಕಾವೇರಿಯ ನೀರು ನಲ್ಲಿಯಲ್ಲಿ ಬರುವ ಮನೆಯವರು ತಮ್ಮನ್ನು ಭಾಗ್ಯಶಾಲಿಗಳೆಂದುಕೊಳ್ಳಬಹುದು.

ಇನ್ನು ಸವಿಯುವುದು. ಬಸಿದೊಡನೆ ಮುಚ್ಚಳದ ಒಳಮೈಯನ್ನು ಮೂಸಿರಿ. ಕಂಪು ಅಲ್ಲಿ ಬಟ್ಟಲಿಗಿಂತ ಗಾಢವಾಗಿರುತ್ತದೆ. ಬಳಿಕ ಸಣ್ಣ ಗುಟುಕನ್ನು ಗಾಳಿಯೊಡನೆ ‘ಸುರ್’ ಎಂದು ಹೀರಬೇಕು. ಸದ್ದುಮಾಡಿ ಕುಡಿಯಬಾರದೆಂದು ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದವರಿಗೆ ಇದು ಸಂಕೋಚವೇ ಸರಿ. ಆದರೆ ಗಾಳಿ ಬೆರೆತಾಗಲೇ ಕಂಪು ಬಾಯಿಯ ಹಿಂಬದಿಯಿಂದ ಮೂಗಿಗೆ ಏರುತ್ತದೆ. ನುಂಗಿದ ಮೇಲೆ ಅವಸರಪಡದೆ ಸ್ವಲ್ಪ ಕಾಯಬೇಕು. ಮೊದಲು ತೋರಿದ ಒಗರು ಕರಗಿ, ಗಂಟಲಿನ ಕಡೆಯಿಂದ ಒಂದು ಸಿಹಿ ಹಿಂದಿರುಗಿ ಬರುತ್ತದೆ. ಚೀನೀಯರು ಇದನ್ನು ‘ಹುಯಿಗಾನ್’, ಅಂದರೆ ಮರಳಿ ಬರುವ ಸಿಹಿ ಎನ್ನುತ್ತಾರೆ. ನಮಗೆ ಇದು ಹೊಸದೇನಲ್ಲ. ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದ ಮಕ್ಕಳೆಲ್ಲ ಇದನ್ನು ಬಲ್ಲರು. ಬೇಗ ಕರಗುವ ಒಗರು ದೋಷವಲ್ಲ. ನಾಲಗೆಯ ಮೇಲೆ ಕೂತು ಏಳದ ಒಗರು ದೋಷ.

ಮೊದಲೆರಡು ಸಲದಲ್ಲಿ ಬೆಂಕಿಯೂ ಹೂವೂ ಮುಂದಾಗಿರುತ್ತವೆ. ಮೂರು ನಾಲ್ಕರಲ್ಲಿ ರುಚಿ ತುಂಬಿ ಬರುತ್ತದೆ. ಕೊನೆಕೊನೆಗೆ ಮರದ ಚಕ್ಕೆಯಂತಹ ತೆಳು ಸಿಹಿ. ನಮ್ಮ ಮಟ್ಟಿಗೆ ಮೂರನೆಯದೇ ಶ್ರೇಷ್ಠ. ಬೇರೆ ಅಭಿಪ್ರಾಯದವರೊಡನೆ ನಮಗೆ ಜಗಳವಿಲ್ಲ.

ಕೊಳ್ಳುವವರಿಗೆ ಒಂದು ಮಾತು. ವೂಯಿಯ ‘ದಾ ಹಾಂಗ್ ಪಾವ್’ ಎಂಬ ಹೆಸರನ್ನು ಕಂಡು ಮರುಳಾಗಬೇಡಿರಿ. ಆ ಹೆಸರಿನ ಮೂಲವೃಕ್ಷಗಳು ಬಂಡೆಯೊಂದರ ಮೇಲೆ ಆರೇ ಇರುವುವು. 2006ರಿಂದ ಅವುಗಳ ಎಲೆಯನ್ನು ಕೊಯ್ಯುವುದನ್ನು ನಿಲ್ಲಿಸಿ, ಕಡೆಯ ಸಲ ದೊರೆತುದರಲ್ಲಿ 20 ಗ್ರಾಮನ್ನು 2007ರಲ್ಲಿ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ಅಂಗಡಿಯಲ್ಲಿ ಸಿಕ್ಕುವುದು ಕಡ್ಡಿ ನೆಟ್ಟು ಬೆಳೆಸಿದ ಗಿಡಗಳದು, ಇಲ್ಲವೆ ಹಲವು ಬಗೆಗಳ ಮಿಶ್ರಣ. ಅವುಗಳಲ್ಲಿಯೂ ಒಳ್ಳೆಯವು ಇವೆ. ಹೆಸರಿಗಾಗಿ ಮಾತ್ರ ಹಣ ತೆರಬೇಕಾಗಿಲ್ಲ. ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ, ಇಂಗು ಮಸಾಲೆಗಳ ಗೂಡಿನಿಂದ ದೂರವಿಡಬೇಕು. ಚಹದ ಎಲೆ ನೆರೆಯ ವಾಸನೆಯನ್ನು ಬಹು ಬೇಗ ಹಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ನೆನೆದ ಎಲೆಯನ್ನು ಬಿಳಿಯ ತಟ್ಟೆಯಲ್ಲಿ ಹರಡಿ ನೋಡಿರಿ. ಹಗುರವಾಗಿ ಹುರಿದ ಎಲೆಯಾದರೆ ನಡುವೆ ಹಸುರು, ಸುತ್ತ ಕೆಂಪು, ರಾತ್ರಿಯೆಲ್ಲ ಅಲ್ಲಾಡಿಸಿದ ಗುರುತು, ಕಣ್ಣಿಗೆ ಕಾಣುತ್ತದೆ. ಉಳಿದ ಅರ್ಧ ಡಬ್ಬಿಯಿಂದ ಸರಿಯಾಗಿ ಇಳಿಸಿದ ದಿನ ಇದನ್ನು ನಮ್ಮ ತಾಯಿಯವರಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಒಂದು ಎಲೆಯನ್ನು ಬೆರಳಿನಿಂದ ಬಿಡಿಸಿ, “ಹಸುರು ಸೀರೆಗೆ ಕೆಂಪಂಚು ಇದ್ದ ಹಾಗಿದೆಯಲ್ಲ,” ಎಂದು, ಬಟ್ಟಲನ್ನು ಇನ್ನೊಂದು ಸಲಕ್ಕೆ ಮುಂದೆ ಚಾಚಿದರು.