ಹಿಡಿದರೆ ಸಾಲದು, ಬಿಡಿಸಲೂ ಬೇಕು

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಹತ್ತಲು ದೇಶ–ವಿದೇಶಗಳಿಂದ ಜನ ಬರುತ್ತಾರೆ. ವಿದ್ಯಾಗಿರಿಯಲ್ಲಿ ಬಿ.ಇ. ಓದುವ ನಮಗೆ ಅದು ಸುಮಾರು ಒಂದು ತಾಸಿನ ದಾರಿ. ಕಳೆದ ವರ್ಷ ಗೆಳೆಯರೊಂದಿಗೆ ಹೋದಾಗ, ಬೆರಳಗಲದ ಅಂಚು ಹಿಡಿದು ಮೇಲೇರುವವರನ್ನು ಕಂಡು ದಂಗಾದೆ. ಮರುದಿನವೇ ಹ್ಯಾಂಡ್ ಗ್ರಿಪ್ಪರ್ ಕೊಂಡೆ.

ಓದುವಾಗ, ಬಸ್ಸಿಗೆ ಕಾಯುವಾಗ, ಮಲಗುವ ಮುನ್ನ, ಯಾವಾಗಲೂ ಅದನ್ನು ಒತ್ತುವುದೇ ಕೆಲಸ. ಸಂಜೆ ಪುಲ್‌ಅಪ್ ಬೇರೆ. ಎರಡು ತಿಂಗಳಲ್ಲಿ ಹಿಡಿತ ಗಟ್ಟಿಯಾಯಿತು. ಅದರ ಹಿಂದೆಯೇ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಯಿತು. ಬಾಟಲಿಯ ಮುಚ್ಚಳ ತಿರುವಲೂ ಕಷ್ಟ. ಸೆಮಿಸ್ಟರ್ ಪರೀಕ್ಷೆಯಲ್ಲಿ ಎರಡು ಪುಟಕ್ಕೊಮ್ಮೆ ಪೆನ್ನು ಕೆಳಗಿಟ್ಟೆ. ಒಂದು ಪತ್ರಿಕೆಯಲ್ಲಿ ಉತ್ತರ ಗೊತ್ತಿದ್ದ ಪ್ರಶ್ನೆಯೇ ಉಳಿದುಹೋಯಿತು.

ಫಿಸಿಯೋಥೆರಪಿಸ್ಟ್ ಕೈ ಒತ್ತಿ ನೋಡಿ, ‘ತಮ್ಮಾ, ಹಿಡಿಯೋದಷ್ಟ ಕಲತೀ, ಬಿಡೋದು ಕಲತಿಲ್ಲ’ ಎಂದರು.

ಬೆರಳು ಮಡಚುವ ಮುಖ್ಯ ಸ್ನಾಯುಗಳು ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಒಳಬದಿಯಲ್ಲಿವೆ, ಬಿಡಿಸುವವು ಹೊರಬದಿಯಲ್ಲಿ. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗ ಹೊರಬದಿಯವೂ ಸುಮ್ಮನಿರುವುದಿಲ್ಲ. ಮಣಿಕಟ್ಟು ಒಳಕ್ಕೆ ಬಾಗದಂತೆ ತಡೆಯುತ್ತವೆ. ಅನುಮಾನವೇ? ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ ಮುಷ್ಟಿ ಬಿಗಿದು ನೋಡಿ. ಬಲವೇ ಬರುವುದಿಲ್ಲ. ನಾನು ಈ ಸ್ನಾಯುಗಳನ್ನು ದುಡಿಸಿದ್ದೆ, ಆದರೆ ಬಲಪಡಿಸಿರಲಿಲ್ಲ, ಬಿಡುವೂ ಕೊಟ್ಟಿರಲಿಲ್ಲ. ಅವು ಮೊಣಕೈ ಎಲುಬಿಗೆ ಅಂಟಿಕೊಳ್ಳುವ ಜಾಗವೇ ನೋಯುತ್ತಿತ್ತು. ರಾಕೆಟ್ ಮುಟ್ಟದವರಿಗೂ ಬರುವ ಇದರ ಹೆಸರು ‘ಟೆನಿಸ್ ಎಲ್ಬೋ’!

ಕೆಲವು ವಾರ ಗ್ರಿಪ್ಪರ್ ಬಂದ್. ನೋವು ಇಳಿದ ಮೇಲೆ ಅವರು ಕಲಿಸಿದ ವ್ಯಾಯಾಮಕ್ಕೆ ಖರ್ಚೇ ಇಲ್ಲ. ಐದೂ ಬೆರಳ ತುದಿ ಕೂಡಿಸಿ, ಸುತ್ತ ರಬ್ಬರ್ ಬ್ಯಾಂಡ್ ಹಾಕಿ, ನಿಧಾನವಾಗಿ ಅಗಲಿಸುವುದು, ಅಷ್ಟೇ ನಿಧಾನವಾಗಿ ಕೂಡಿಸುವುದು. 15 ಸಲದಂತೆ ಮೂರು ಸುತ್ತು. ಇನ್ನೊಂದು: ತೋಳನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಮಣಿಕಟ್ಟನ್ನಷ್ಟೇ ಮೇಲೆತ್ತಿ ಇಳಿಸುವುದು. ಹಿಡಿತದ ವ್ಯಾಯಾಮ ಈಗ ದಿನ ಬಿಟ್ಟು ದಿನ ಮಾತ್ರ.

ಸೇನಾ ಭರ್ತಿಗೆಂದು ನಸುಕಿನಲ್ಲೇ ಪುಲ್‌ಅಪ್ ಹೊಡೆಯುವ ಗೆಳೆಯರಿಗೂ ಇದನ್ನೇ ಹೇಳುತ್ತಿದ್ದೇನೆ. ನೋವಿದ್ದರೆ ಹಟ ಮಾಡಬೇಡಿ, ತಜ್ಞರಿಗೆ ತೋರಿಸಿ. ರ‍್ಯಾಲಿಯ ದಿನ ಕೈ ನಿಮ್ಮ ಮಾತು ಕೇಳಬೇಕಲ್ಲ?

ಖಾನಾವಳಿ ಪಾರ್ಸಲ್‌ಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಈಗ ನನ್ನ ಪೆನ್ನಿನ ಜೊತೆಯಲ್ಲೇ ಇರುತ್ತದೆ. ಬಾದಾಮಿ ಬಂಡೆ ಎಲ್ಲಿಗೂ ಹೋಗುವುದಿಲ್ಲ. ಅವಸರ ನನಗೂ ಇಲ್ಲ.