ಸೈಲೆನ್ಸರ್‌ಗೆ ನೀಲಿ ಬಣ್ಣ ಬಳಿದವರು ಯಾರು?

ಇಂಗ್ಲೆಂಡಿನಲ್ಲಿ ತಯಾರಾಗುವ ಕ್ಯಾಟರ್‌ಹ್ಯಾಮ್ ಸೆವೆನ್ ಎಂಬ ಪುಟ್ಟ ಕಾರಿನ ಹೊಗೆಕೊಳವೆ ನಮ್ಮ ಕಾರುಗಳಂತೆ ಹೊಟ್ಟೆಯಡಿ ಅಡಗಿ ಕೂರುವುದಿಲ್ಲ. ಬಾನೆಟ್ಟಿನ ಪಕ್ಕದಿಂದ ಹೊರಬಂದು, ಎಲ್ಲರಿಗೂ ಕಾಣುವಂತೆ ಕಾರಿನ ಮಗ್ಗುಲಲ್ಲೇ ಸಾಗುತ್ತದೆ. ಇಂಥ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಹೊಸದರಲ್ಲಿ ಬೆಳ್ಳಿಯಂತಿರುತ್ತದೆ. ಓಡಿಸುತ್ತ ಹೋದಂತೆ ಎಂಜಿನ್‌ಗೆ ಹತ್ತಿರದ ಭಾಗ ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿಗೆ ತಿರುಗುತ್ತದೆ. ನಿಮ್ಮ ಬೀದಿಯ ಬೈಕುಗಳಲ್ಲೂ ಎಂಜಿನ್ನಿನಿಂದ ಬಾಗಿ ಇಳಿಯುವ ಕೊಳವೆಯ ಮೇಲೆ ಈ ನೀಲಿಯನ್ನು ನೋಡಿರುತ್ತೀರಿ.

ಬಳಿದವರು ಯಾರೂ ಅಲ್ಲ. ಮಳೆ ಬಂದ ರಸ್ತೆಯಲ್ಲಿ ಪೆಟ್ರೋಲ್ ಹನಿ ಬಿದ್ದರೆ ಕಾಮನಬಿಲ್ಲು ಹರಡುತ್ತದಲ್ಲ, ಸೋಪಿನ ಗುಳ್ಳೆಯ ಮೇಲೆ ಬಣ್ಣ ಓಡಾಡುತ್ತದಲ್ಲ, ಇದೂ ಅದೇ ಬೆಳಕಿನ ಆಟ. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಕ್ರೋಮಿಯಂ ಬೆರೆಸಿದ ಉಕ್ಕು. 1913ರಲ್ಲಿ ಶೆಫೀಲ್ಡ್ ಊರಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಕೆ ಬೇಗ ಸವೆಯದಿರಲಿ ಎಂದು ಸುಮಾರು 12.8 ಶೇಕಡ ಕ್ರೋಮಿಯಂ ಸೇರಿಸಿ ಉಕ್ಕು ಮಾಡಿಸಿದ. ಅದು ಹೆಸರು ಮಾಡಿದ್ದು ಮಾತ್ರ ಊಟದ ಚಾಕುಗಳಲ್ಲಿ! ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ನಮ್ಮ ತಲೆಗೂದಲಿಗಿಂತ ಹತ್ತಾರು ಸಾವಿರ ಪಾಲು ತೆಳು. ಗೀರಿದರೂ ತಾನೇ ಮತ್ತೆ ಕೂಡಿಕೊಳ್ಳುತ್ತದೆ, ಮೊಣಕಾಲಿನ ತರಚು ಗಾಯದ ಹಾಗೆ. ಕೊಳವೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಈ ಪೊರೆ ದಪ್ಪವಾಗಿ ಹಳದಿ ಕಾಣುತ್ತದೆ. 550ರ ಆಸುಪಾಸಿಗೆ ನೀಲಿ.

ಉಜ್ಜುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಹೊಳೆಯುವುದೆಲ್ಲ ಸ್ಟೇನ್‌ಲೆಸ್ ಅಲ್ಲ. ಅಜ್ಜಂದಿರಿಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕಿನ ಜೋಡಿ ಸೈಲೆನ್ಸರ್, ಅಂಬಾಸಿಡರ್ ಕಾರಿನ ಬಂಪರ್ ನೆನಪಿರಬಹುದು. ಅವು ಸಾದಾ ಉಕ್ಕಿನ ಮೇಲೆ ತೆಳುವಾಗಿ ಕ್ರೋಮ್ ಲೇಪಿಸಿದಂಥವು. ಒರಟಾಗಿ ತಿಕ್ಕಿದರೆ ಲೇಪವೇ ಹೋಗಿ ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಹಾಗಲ್ಲ, ಮೇಲಿಂದ ಒಳಗಿನತನಕ ಒಂದೇ ಲೋಹ. ಅಯಸ್ಕಾಂತ ಹಿಡಿದು ನೋಡಿ ತಿಳಿಯಬಹುದೇ? ಪೂರ್ತಿ ನಂಬಬೇಡಿ. ಕೆಲವು ಬಗೆಯ ಸ್ಟೇನ್‌ಲೆಸ್‌ಗೂ ಅಯಸ್ಕಾಂತ ಅಂಟುತ್ತದೆ. ನಮ್ಮ ಒಂದು ರೂಪಾಯಿ ನಾಣ್ಯವೇ ಸಾಕ್ಷಿ.

ಈಗ ಕೆಲಸ. ಕಾರು ನಿಲ್ಲಿಸಿ ಗಂಟೆಗಟ್ಟಲೆ ಆಗಿರಬೇಕು, ಕೊಳವೆ ಪೂರ್ತಿ ತಣ್ಣಗಿರಬೇಕು. ಸುಟ್ಟುಕೊಂಡ ಮೇಲೆ ಊದಿ ಪ್ರಯೋಜನವಿಲ್ಲ. ಮಕ್ಕಳೇ, ದೊಡ್ಡವರು ಮುಟ್ಟಿ ನೋಡಿ ಹೇಳುವ ತನಕ ಹತ್ತಿರ ಹೋಗಬೇಡಿ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಮಸಿ, ಕೆಸರು ತೆಗೆಯಿರಿ. ಮಣ್ಣಿನ ಕಣ ಉಳಿದರೆ ಅದೇ ಗೀರುತ್ತದೆ. ಒರೆಸಿ ಒಣಗಿಸಿ, ಹಳೆಯ ಬನಿಯನ್ ಬಟ್ಟೆಗೆ ಲೋಹದ ಪಾಲಿಶ್ ಸ್ವಲ್ಪವೇ ಹಚ್ಚಿ, ಕೊಳವೆಯ ಉದ್ದಕ್ಕೆ ತಿಕ್ಕಿ. ಬಟ್ಟೆ ಕಪ್ಪಾಗುತ್ತದೆ, ಗಾಬರಿ ಬೇಡ. ಇನ್ನೊಂದು ಒಣಬಟ್ಟೆಯಿಂದ ಒರೆಸಿದರೆ ಮುಖ ಕಾಣುತ್ತದೆ. ನೀಲಿ ಬಣ್ಣಕ್ಕೆ ಎರಡು ಮೂರು ಸುತ್ತು ಬೇಕಾದೀತು. ಕಾದರೆ ಅದು ಮತ್ತೆ ಬರುತ್ತದೆ ಎಂಬುದೂ ಗೊತ್ತಿರಲಿ. ನನ್ನನ್ನು ಕೇಳಿದರೆ ಎಂಜಿನ್ ಬಳಿಯ ಆ ನೀಲಿಯನ್ನು ಹಾಗೆಯೇ ಬಿಟ್ಟರೆ ಚೆಂದ.

ಹೆಚ್ಚಿನವರು ಕೆಡುವುದು ಕಬ್ಬಿಣದ ನಾರಿನಿಂದ. ಉಜ್ಜುವಾಗ ಉದುರಿದ ಕಬ್ಬಿಣದ ಪುಡಿ ಕೊಳವೆಯ ಮೇಲೆ ಕೂತು ತುಕ್ಕು ಹಿಡಿಯುತ್ತದೆ. ಆಗ ‘ಸ್ಟೇನ್‌ಲೆಸ್ಸಿಗೂ ತುಕ್ಕು ಬಂತು, ಮೋಸ’ ಎಂದು ಅಂಗಡಿಯವನನ್ನು ಬೈಯುತ್ತೇವೆ. ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರ ಸುಳಿಯಬಾರದು. ಅವುಗಳಲ್ಲಿನ ಕ್ಲೋರೈಡ್ ಆ ಪೊರೆಯನ್ನೇ ತೂತು ಮಾಡುತ್ತದೆ. ಉಪ್ಪಿನಲ್ಲಿರುವುದೂ ಅದೇ. ಮಂಗಳೂರು, ಕಾರವಾರದ ಕಡೆ ಕಡಲಗಾಳಿಗೆ ನಿಲ್ಲುವ ಕಾರಿನ ಕೊಳವೆಯನ್ನು ಆಗಾಗ ಬರೀ ಸಿಹಿನೀರಿನಿಂದ ತೊಳೆದು ಒರೆಸಿದರೂ ಸಾಕು, ಕಂದು ಚುಕ್ಕೆ ತಡೆಯುತ್ತದೆ.

ಹೊರಗೆ ಎಷ್ಟು ಹೊಳೆದರೂ ಕೊಳವೆಯ ನಿಜವಾದ ಶತ್ರು ಒಳಗಿದೆ. ಬೆಳಗ್ಗೆ ಕಾರು ಚಾಲೂ ಮಾಡಿದಾಗ ಹಿಂದಿನಿಂದ ತೊಟ್ಟಿಕ್ಕುವ ನೀರನ್ನು ಕಂಡ ಮಗು ಕೇಳುತ್ತದೆ:

“ಅಜ್ಜಾ, ಕಾರು ಸೋರ್ತಿದೆ!”

“ಸೋರ್ತಿಲ್ಲ ಪುಟ್ಟಾ, ಪೆಟ್ರೋಲು ಉರಿದು ನೀರಾಗ್ತಿದೆ.”

ಅಜ್ಜ ಹೇಳಿದ್ದು ನಿಜ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು! ಬಿಸಿ ಕೊಳವೆಯಲ್ಲಿ ಅದು ಆವಿಯಾಗಿ ಹಾರಿಹೋಗುತ್ತದೆ. ದಿನವೂ ಹಾಲಿನ ಅಂಗಡಿಗೆ ಹೋಗಿ ಬರುವಷ್ಟೇ ಓಡಿಸಿದರೆ ಕೊಳವೆ ಕಾಯುವುದೇ ಇಲ್ಲ, ನೀರು ಒಳಗೇ ಉಳಿದು ಲೋಹವನ್ನು ತಿನ್ನುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಊರಾಚೆ ಓಡಿಸಬೇಕು. ಒಣಗಿಸಲೆಂದು ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಡುವುದು ಮಾತ್ರ ಖಂಡಿತ ಕೂಡದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಪ್ರಾಣ ತೆಗೆಯುತ್ತದೆ. ತೊಳೆಯುವಾಗ ನೀರು ಹೋಗದಿರಲೆಂದು ಕೊಳವೆಯ ಬಾಯಿಗೆ ಬಟ್ಟೆ ತುರುಕಿದ್ದರೆ, ಹೊರಡುವ ಮುಂಚೆ ಅದನ್ನು ತೆಗೆಯುವ ಜವಾಬ್ದಾರಿ ಮನೆಯ ಅತಿ ಚಿಕ್ಕವರದ್ದಾಗಲಿ.